"ನೀವು ಭಾಳ ಓದೀರಿ" ಅನ್ನುವ ಉತ್ತರದ ಬಗ್ಗೆ: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕಲಬುರಗಿ ಜಿಲ್ಲೆ, ಕಲಬುರಗಿ.

ವಿಷಯ: ಓದು ಜಾಸ್ತಿಯಾಯಿತು ಎಂಬ ಕಾರಣಕ್ಕೆ ಕೆಲಸ ನಿರಾಕರಿಸುವ ರೂಢಿಯ ಕುರಿತು.

ಮಾನ್ಯರೇ,

ನನಗೊಂದು ಕೆಲಸ ಕೊಡಿಸಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಅಂಥ ಅರ್ಜಿಗಳು ತಮ್ಮ ಕಚೇರಿಗೆ ದಿನಾ ಬರುತ್ತವೆ. ನನ್ನ ದೂರು ಬೇರೆ. ನಮ್ಮ ಜಿಲ್ಲೆಯಲ್ಲಿ ಕೆಲಸ ಕೇಳಿಕೊಂಡು ಹೋದವರನ್ನು "ನೀವು ಭಾಳ ಓದೀರಿ" ಅಂತ ಹೇಳಿ ವಾಪಸ್ ಕಳಿಸುವುದು ರೂಢಿಯಾಗಿದೆ. ಇಷ್ಟಕ್ಕಿಂತ ಜಾಸ್ತಿ ಓದಿದವರು ಬೇಡ ಅಂತ ಜಾಹೀರಾತಿನಲ್ಲಿ ಬರೆಯುವುದಿಲ್ಲ. ಕಾಗದದ ಮೇಲೆ ಕಾರಣ ಕೊಡುವುದಿಲ್ಲ. ಬಾಯಿಮಾತಲ್ಲಿ ಮುಗಿಸಿಬಿಡುತ್ತಾರೆ. ಖಾಸಗಿಯವರ ಮೇಲೆ ತಮ್ಮ ಅಧಿಕಾರ ಕಡಿಮೆ ಇರಬಹುದು. ಆದರೆ ಸರ್ಕಾರದ ದುಡ್ಡಿನಲ್ಲಿ ನಡೆಯುವ ಉದ್ಯೋಗ ಮೇಳಗಳಿವೆ, ಸರ್ಕಾರಿ ಕಚೇರಿಗಳಿಗೆ ಜನ ಒದಗಿಸುವ ಹೊರಗುತ್ತಿಗೆ ಏಜೆನ್ಸಿಗಳಿವೆ. ಅಲ್ಲಿಯೂ ಇದೇ ನಡೆಯುತ್ತಿದೆ. ಅದಕ್ಕೇ ತಮಗೆ ಬರೆಯುತ್ತಿದ್ದೇನೆ.

ನಾನು ಚಿತ್ತಾಪುರ ತಾಲ್ಲೂಕಿನವಳು. ಗುಲ್ಬರ್ಗ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ ಮಾಡಿದೆ. ಅಲ್ಲೇ ಪಿಎಚ್.ಡಿ ಮುಗಿಸಿದೆ. ಬಿ.ಎಡ್ ಕೂಡ ಇದೆ. ವಯಸ್ಸು 39. ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಕೆಲವು ವರ್ಷ ಪಾಠ ಮಾಡಿದ್ದೇನೆ. 2022ರ ಜನವರಿಯಲ್ಲಿ ಸರ್ಕಾರ ಅತಿಥಿ ಉಪನ್ಯಾಸಕರ ಗೌರವಧನ ಹೆಚ್ಚಿಸಿತು. 11 ಸಾವಿರ, 13 ಸಾವಿರ ಇದ್ದದ್ದು 26ರಿಂದ 32 ಸಾವಿರದವರೆಗೆ ಹೋಯಿತು. ಬಹಳ ಜನರ ಹೋರಾಟದಿಂದ ಬಂದ ಹೆಚ್ಚಳ ಅದು, ನಾನೂ ಖುಷಿಪಟ್ಟೆ. ಜೊತೆಗೆ ವಾರಕ್ಕೆ 8-10 ಗಂಟೆ ಇದ್ದ ಪಾಠವನ್ನು 15 ಗಂಟೆಗೆ ಏರಿಸಿದರು. ಮೂವರು ಮಾಡುತ್ತಿದ್ದ ಪಾಠಕ್ಕೆ ಇಬ್ಬರು ಸಾಕಾದರು. ಆ ಮೂರನೆಯವಳು ನಾನು.

ಕಾಯಂ ಹುದ್ದೆಗೆ ಪ್ರಯತ್ನ ಪಡಲಿಲ್ಲವೇ ಅಂತ ಕೇಳಬಹುದು. 2021ರಲ್ಲಿ 1242 ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಕರೆದಾಗ ನಾನೂ ಪರೀಕ್ಷೆ ಬರೆದೆ, ಆಗಲಿಲ್ಲ. ಅದರ ಬಗ್ಗೆ ತಕರಾರಿಲ್ಲ. ಆಮೇಲೆ ಬಂದ ಸಣ್ಣಪುಟ್ಟ ಹುದ್ದೆಗಳಿಗೂ ಹಾಕಿದ್ದೇನೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಬೆಂಗಳೂರಿಗೆ ಯಾಕೆ ಹೋಗಲಿಲ್ಲ? ನನ್ನ ತಂದೆಗೆ ಲಕ್ವಾ ಹೊಡೆದಿದೆ. ಅವರನ್ನು ಎಬ್ಬಿಸಿ ಕೂರಿಸಬೇಕು, ಸ್ನಾನ ಮಾಡಿಸಬೇಕು. ಅಮ್ಮನ ಒಬ್ಬಳ ಕೈಲಿ ಆಗುವುದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋದ ನನ್ನ ಗೆಳತಿಯರು ಬೇಕಾದಷ್ಟು ಜನ ಇದ್ದಾರೆ. ಔಷಧ ಕಂಪನಿಗಳಲ್ಲಿ, ಹೈದರಾಬಾದಿನ ಲ್ಯಾಬ್‌ಗಳಲ್ಲಿ ಒಳ್ಳೆಯ ಕೆಲಸದಲ್ಲಿದ್ದಾರೆ. ನಾನು ಇಲ್ಲೇ ಇರಬೇಕು. ಹಾಗಾಗಿ ಇಲ್ಲಿ ಏನು ಕೆಲಸ ಇದೆಯೋ ಅದನ್ನೇ ಕೇಳಿಕೊಂಡು ಹೋದೆ. ದೊಡ್ಡ ಕೆಲಸವೇ ಬೇಕು ಅಂತ ಹಟ ಹಿಡಿದಿಲ್ಲ.

ಏನೇನಾಯಿತು ಅಂತ ಹೇಳುತ್ತೇನೆ. ಯಾರ ಹೆಸರನ್ನೂ ಬರೆಯುವುದಿಲ್ಲ, ಒಬ್ಬರ ಮೇಲೆ ದೂರು ಹೇಳಿ ಮುಗಿಯುವ ಸಂಗತಿ ಇದಲ್ಲ.

ನಮ್ಮ ಜಿಲ್ಲೆಯ ನೆಲದಲ್ಲಿ ಸುಣ್ಣದ ಕಲ್ಲು ಇದೆ. ವಾಡಿ, ಮಳಖೇಡ, ಸೇಡಂ ಕಡೆ ಹೋದರೆ ಸಿಮೆಂಟ್ ಕಾರ್ಖಾನೆಗಳ ಚಿಮಣಿ ಕಾಣುತ್ತವೆ. ಇಲ್ಲಿ ರಸಾಯನಶಾಸ್ತ್ರ ಓದಿದವರಿಗೆ ಮೊದಲು ನೆನಪಾಗುವುದು ಆ ಕಾರ್ಖಾನೆಗಳ ಲ್ಯಾಬ್. ಅಂಥ ಒಂದು ಲ್ಯಾಬ್‌ಗೆ ಗುತ್ತಿಗೆದಾರರ ಮೂಲಕ ಜನ ತಗೊಳ್ಳುತ್ತಿದ್ದರು. ಬಿ.ಎಸ್ಸಿ ಸಾಕು ಅಂತಿತ್ತು. ಸಂಬಳ 18 ಸಾವಿರ, ಪಾಳಿ ಕೆಲಸ. ಏನು ಕೆಲಸ ಅಂದರೆ, ಗಂಟೆ ಗಂಟೆಗೂ ಸ್ಯಾಂಪಲ್ ತಂದು ಪರೀಕ್ಷೆ ಮಾಡುವುದು. ಕುಲುಮೆಯಲ್ಲಿ ಸುಟ್ಟು ಬಂದ, ಆಮೇಲೆ ಪುಡಿ ಮಾಡಿ ಸಿಮೆಂಟ್ ಮಾಡುವ ಕ್ಲಿಂಕರ್‌ನಲ್ಲಿ ಬೆರೆಯದೆ ಉಳಿದ ಸುಣ್ಣ ಎಷ್ಟಿದೆ ಅಂತ ನೋಡಬೇಕು. ಅದು ಜಾಸ್ತಿ ಉಳಿದಿದ್ದರೆ ಸಿಮೆಂಟ್ ಗಟ್ಟಿಯಾದ ಮೇಲೆ ನಿಧಾನವಾಗಿ ಉಬ್ಬಿ ಬಿರುಕು ಬಿಡುತ್ತದೆ. ಬ್ಯೂರೆಟ್, ಅಂದರೆ ಅಳತೆಯ ಗೆರೆ ಇರುವ ಗಾಜಿನ ನಳಿಗೆ, ಹಿಡಿದು ಮಾಡುವ ಕೆಲಸ. ನಾನು ಮಕ್ಕಳಿಗೆ ಕಲಿಸಿದ್ದೂ ಅದನ್ನೇ. ಮನೆಯಲ್ಲಿ ರಾತ್ರಿ ಪಾಳಿಗೆ ಏನು ವ್ಯವಸ್ಥೆ ಅಂತ ಅಮ್ಮನ ಜೊತೆ ಮಾತಾಡಿ, ಚಿಕ್ಕಪ್ಪನ ಮಗನನ್ನು ಒಪ್ಪಿಸಿ, ಎಲ್ಲ ತಯಾರಿ ಮಾಡಿಕೊಂಡೇ ಹೋಗಿದ್ದೆ.

ಗುತ್ತಿಗೆದಾರರ ಮನುಷ್ಯ ಬಯೋಡೇಟಾ ನೋಡಿದ. ಕೆಲಸದ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಮೇಡಂ, ಪಿಎಚ್.ಡಿ ಮಾಡಿದವರು ತಾಸಿಗೊಮ್ಮೆ ಸ್ಯಾಂಪಲ್ ತಗೋತ ಕೂಡ್ತಾರೇನ್ರಿ? ನೀವು ಭಾಳ ಓದೀರಿ. ನಮ್ಮಲ್ಲಿ ನಿಂದ್ರಂಗಿಲ್ಲ." ನಿಲ್ಲುತ್ತೇನೆ ಅಂತ ಹೇಳಿದೆ. ಯಾಕೆ ನಿಲ್ಲುತ್ತೇನೆ ಅಂತಲೂ ಹೇಳಿದೆ. "ಎಲ್ರೂ ಹಂಗೇ ಅಂತಾರ್ರಿ" ಅಂದ. ಅಲ್ಲಿಗೆ ಸಂದರ್ಶನ ಮುಗಿಯಿತು. ನನಗೆ ಕೆಲಸ ಬರುತ್ತದೋ ಇಲ್ಲವೋ ಅಂತ ನೋಡಿ ಬೇಡ ಅಂದಿದ್ದರೆ ಸುಮ್ನೆ ಬರುತ್ತಿದ್ದೆ.

ನೆಹರು ಗಂಜ್ ಕಡೆ ಒಂದು ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುವವರು ಬೇಕಿತ್ತು. ತೊಗರಿ ಸುಗ್ಗಿಯ ಹೊತ್ತು, ಬಿಲ್ಲು, ತೂಕದ ಚೀಟಿ, ಜಿಎಸ್‌ಟಿ ಅಂತ ಕೆಲಸ ಜಾಸ್ತಿ. ನಾನು ಟ್ಯಾಲಿ ಕಲಿತಿದ್ದೇನೆ. ಮಾಲೀಕರು ಹಿರಿಯರು, ಬಹಳ ಮರ್ಯಾದೆಯಿಂದ ಕೂರಿಸಿ ಚಹಾ ಕೊಟ್ಟರು. ಕೊನೆಗೆ "ನಿಮ್ಮಂಥವರಿಗೆ ಗುಮಾಸ್ತನ ಕೆಲಸ ಹೇಳಿದ್ರ ನನಗ ಪಾಪ ಹತ್ತತದವ್ವ" ಅಂದರು. ಆ ಮನುಷ್ಯರ ಮೇಲೆ ಸಿಟ್ಟು ಬರುವುದಿಲ್ಲ. ಆದರೆ ಆ ತಿಂಗಳ ಅಪ್ಪನ ಔಷಧಿಯ ಬಿಲ್ಲು ಅವರ ಮರ್ಯಾದೆಯಿಂದ ತೀರಲಿಲ್ಲ.

ಖಾಸಗಿ ಶಾಲೆಯೊಂದರಲ್ಲಿ ಹೈಸ್ಕೂಲಿಗೆ ವಿಜ್ಞಾನ ಟೀಚರ್ ಬೇಕಿತ್ತು. ಅಲ್ಲಿ ನಿಜವಾದ ಕಾರಣ ಹೇಳಿದರು, ಅದಕ್ಕೆ ಅವರನ್ನು ಮೆಚ್ಚಬೇಕು. "ನಮ್ಮ ಹೆಡ್ ಮೇಡಂ ಬಿ.ಎಸ್ಸಿ, ಬಿ.ಎಡ್ ಅದಾರ. ನಿಮಗ ಅವರು ಹ್ಯಾಂಗ ಕೆಲಸ ಹೇಳ್ಬೇಕ್ರಿ?" ಇಪ್ಪತ್ತು ವರ್ಷ ಶಾಲೆ ನಡೆಸಿದ ಹೆಡ್ ಮೇಡಂ ನನಗೆ ಕೆಲಸ ಹೇಳಬಾರದೇ? ಮಕ್ಕಳನ್ನು ಸಾಲಲ್ಲಿ ನಿಲ್ಲಿಸುವುದು, ಪಾಲಕರ ಸಿಟ್ಟು ಇಳಿಸುವುದು, ಎಸ್ಸೆಸ್ಸೆಲ್ಸಿಯಲ್ಲಿ ಹಿಂದೆ ಬಿದ್ದವನನ್ನು ಪಾಸ್ ಮಾಡಿಸುವುದು, ಇದನ್ನೆಲ್ಲ ಯಾವ ಪಿಎಚ್.ಡಿಯಲ್ಲೂ ಕಲಿಸುವುದಿಲ್ಲ. ನಾನು ಅವರಿಂದ ಕಲಿಯಬೇಕಾದದ್ದೇ ಜಾಸ್ತಿ ಇತ್ತು.

ಈಗ ಸರ್ಕಾರಕ್ಕೆ ಸಂಬಂಧಪಟ್ಟ ವಿಷಯಕ್ಕೆ ಬರುತ್ತೇನೆ.

ಸರ್ಕಾರಿ ಕಚೇರಿಗಳಿಗೆ ಡಾಟಾ ಎಂಟ್ರಿ ಆಪರೇಟರ್‌ಗಳನ್ನು ಕೊಡುವ ಏಜೆನ್ಸಿಯೊಂದರಲ್ಲಿ ನನ್ನ ಅರ್ಜಿಯನ್ನೇ ತಗೊಳ್ಳಲಿಲ್ಲ. ಯಾವುದಾದರೂ ಪದವಿ ಆಗಿರಬೇಕು, ಕನ್ನಡ ಟೈಪಿಂಗ್ ಬರಬೇಕು ಅಂತ ಮಾತ್ರ ಕೇಳಿದ್ದರು. ಎರಡೂ ನನ್ನ ಹತ್ತಿರ ಇವೆ. ಅಲ್ಲಿ ಕೂತಿದ್ದ ಹುಡುಗ ಒಳ್ಳೆಯವನೇ. ಮೆಲ್ಲಗೆ ಒಂದು ಉಪಾಯ ಹೇಳಿದ: "ಅಕ್ಕಾರ, ಪಿಎಚ್.ಡಿ, ಎಂ.ಎಸ್ಸಿ ಎರಡೂ ತೆಗೀರಿ. ಬರೇ ಬಿ.ಎಸ್ಸಿ ಅಂತ ಬರೀರಿ. ನಾಳಿ ತಗೊಂಡ್ ಬರ್ರಿ, ಇಟ್ಕೋತೀನಿ." ಓದಿದ್ದನ್ನು ಮುಚ್ಚಿಡಿ ಅನ್ನುವುದು ಈ ಊರಲ್ಲಿ ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಸಲಹೆ. ಉದ್ಯೋಗ ಮೇಳಗಳಲ್ಲೂ ಹೀಗೇ. ಬಾಗಿಲಲ್ಲಿ ಎಲ್ಲ ಪದವೀಧರರಿಗೂ ಸ್ವಾಗತ ಅನ್ನುವ ಬ್ಯಾನರ್ ಇರುತ್ತದೆ. ಒಳಗೆ ಮೇಜಿನ ಹಿಂದೆ ಕೂತವರು ಸ್ನಾತಕೋತ್ತರ ಅಂತ ಕಂಡ ಕೂಡಲೇ ಕಾಗದವನ್ನು ಪಕ್ಕಕ್ಕೆ ಇಡುತ್ತಾರೆ. ಸಂಜೆ ವರದಿಯಲ್ಲಿ ನನ್ನ ಹೆಸರು ಮೇಳಕ್ಕೆ ಬಂದವರ ಲೆಕ್ಕದಲ್ಲಿ ಸೇರುತ್ತದೆ.

ಮುಚ್ಚಿಡುವ ಸಲಹೆ ಎಷ್ಟು ಅಪಾಯದ್ದು ಅಂತ ನ್ಯಾಯಾಲಯದ ಒಂದು ತೀರ್ಪು ಹೇಳುತ್ತದೆ. ಪಂಜಾಬ್ ನ್ಯಾಷನಲ್ ಬ್ಯಾಂಕ್ ಒಡಿಶಾದಲ್ಲಿ ಪ್ಯೂನ್ ಹುದ್ದೆಗೆ ಅರ್ಜಿ ಕರೆದಿತ್ತು. 12ನೇ ತರಗತಿ ಪಾಸಾಗಿರಬೇಕು, ಪದವೀಧರರು ಆಗಿರಬಾರದು ಅಂತ ಜಾಹೀರಾತಿನಲ್ಲೇ ಬರೆದಿತ್ತು. ಒಬ್ಬರು ತಮ್ಮ ಪದವಿಯನ್ನು ಹೇಳದೆ ಅರ್ಜಿ ಹಾಕಿ ಆಯ್ಕೆಯಾದರು. ಪದವಿ ಇರುವುದು ಗೊತ್ತಾದ ಮೇಲೆ ಬ್ಯಾಂಕ್ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಒಡಿಶಾ ಹೈಕೋರ್ಟ್ ಅವರ ಪರ ನಿಂತಿತು. 2020ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್ ಬ್ಯಾಂಕಿನ ಪರ ತೀರ್ಪು ಕೊಟ್ಟಿತು. ಷರತ್ತು ಸರಿಯಿಲ್ಲ ಅನಿಸಿದ್ದರೆ ಜಾಹೀರಾತನ್ನೇ ಪ್ರಶ್ನಿಸಬೇಕಿತ್ತು, ವಿಷಯ ಮುಚ್ಚಿಟ್ಟದ್ದು ತಪ್ಪು ಅಂತ ಹೇಳಿತು.

ಅದಕ್ಕೂ ಮೊದಲು, 2000ದಲ್ಲಿ, ನಾಗಪುರದ ಜಿಲ್ಲಾ ನ್ಯಾಯಾಧೀಶರ ವಿರುದ್ಧ ಹೋಗಿದ್ದ ಪ್ಯೂನ್ ನೇಮಕಾತಿಯ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟ್ ಬೇರೆ ಮಾತು ಹೇಳಿತ್ತು. ಕೇಳಿದ್ದಕ್ಕಿಂತ ಜಾಸ್ತಿ ಓದಿದ್ದಾರೆ ಎಂಬ ಒಂದೇ ಕಾರಣಕ್ಕೆ ಒಬ್ಬರನ್ನು ಪರಿಗಣಿಸದೆ ಬಿಡುವುದು ನ್ಯಾಯವಾದ ಮಾನದಂಡ ಅಲ್ಲ ಅಂತ. ನಾನು ವಕೀಲೆಯಲ್ಲ. ಆದರೂ ಎರಡನ್ನೂ ಒಟ್ಟಿಗೆ ಓದಿದರೆ ಒಂದು ವಿಷಯ ತಿಳಿಯುತ್ತದೆ. ಮೇಲಿನ ಮಿತಿ ಇಡುವುದಿದ್ದರೆ ಮೊದಲೇ ಬರೆದು ಹೇಳಬೇಕು. ಬ್ಯಾಂಕ್ ಬರೆದಿತ್ತು, ಗೆದ್ದಿತು. ನಮ್ಮಲ್ಲಿ ಬರೆಯುವವರು ಯಾರು? ಹೇಳಿದರೆ ಕೆಲಸ ಸಿಗುವುದಿಲ್ಲ, ಹೇಳದಿದ್ದರೆ ಸಿಕ್ಕ ಕೆಲಸ ಹೋಗುತ್ತದೆ. ನಾನು ಇವೆರಡರಲ್ಲಿ ಯಾವುದನ್ನು ಆರಿಸಲಿ?

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಪಿಯುಸಿ ಓದಿದವರ ಕೆಲಸವನ್ನೂ ಪಿಎಚ್.ಡಿಯವರೇ ತಗೊಂಡರೆ ಅವರು ಎಲ್ಲಿಗೆ ಹೋಗಬೇಕು ಅಂತ. ಈ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. 2015ರಲ್ಲಿ ಉತ್ತರ ಪ್ರದೇಶದ ಸಚಿವಾಲಯದಲ್ಲಿ 368 ಪ್ಯೂನ್ ಹುದ್ದೆಗೆ 23 ಲಕ್ಷ ಅರ್ಜಿ ಬಂದವು. ಅದರಲ್ಲಿ 255 ಜನ ಪಿಎಚ್.ಡಿ ಮಾಡಿದವರು. ಐದನೇ ತರಗತಿ ಓದಿ ಸೈಕಲ್ ಓಡಿಸಲು ಬಂದರೆ ಸಾಕಿದ್ದ ಕೆಲಸ ಅದು. ನಮ್ಮಲ್ಲೇ 2024ರಲ್ಲಿ 1000 ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಪಿಯುಸಿ ಸಾಕಿತ್ತು. ಇಂಜಿನಿಯರಿಂಗ್ ಮಾಡಿದವರೂ ಅದಕ್ಕೆ ಕೋಚಿಂಗ್ ಸೇರಿದ್ದನ್ನು ಕಲಬುರಗಿಯಲ್ಲಿ ಕಣ್ಣಾರೆ ಕಂಡಿದ್ದೇನೆ. ನಮ್ಮ ಓಣಿಯಲ್ಲಿ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳಿದ್ದಾಳೆ. ಅವಳ ಪಾಲಿನ ಕೆಲಸ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ಕಡಿಮೆ ಓದಿದವರಿಗೆ ಅಂತಲೇ ಒಂದು ಹುದ್ದೆ ಇಟ್ಟಿದ್ದರೆ ಹಾಗೇ ಬರೆಯಿರಿ, ನಾನು ಆ ಕಡೆ ತಲೆ ಹಾಕುವುದಿಲ್ಲ. ಆದರೆ ನಾನು ಹೇಳಿದ ಕೆಲಸಗಳಲ್ಲಿ ಬಿ.ಎಸ್ಸಿ ಕೇಳಿದ್ದರು, ಪದವಿ ಕೇಳಿದ್ದರು. ನನ್ನನ್ನು ಬಿಟ್ಟದ್ದರಿಂದ ಯಾವ ಪಿಯುಸಿ ಹುಡುಗಿಗೂ ಲಾಭ ಆಗಲಿಲ್ಲ.

ಇನ್ನೊಂದು ವಿಷಯವನ್ನೂ ಒಪ್ಪುತ್ತೇನೆ. ಎಷ್ಟು ಓದಿದ್ದೇವೆ ಅನ್ನುವುದಕ್ಕಿಂತ ಯಾವುದನ್ನು ಓದಿದ್ದೇವೆ ಅನ್ನುವುದು ಮುಖ್ಯ ಆಗುವ ಕಡೆಗಳಿವೆ. 1ರಿಂದ 5ನೇ ತರಗತಿಗೆ ಪಾಠ ಮಾಡಲು ಬಿ.ಎಡ್ ನಡೆಯುವುದಿಲ್ಲ, ಡಿ.ಎಡ್ ಥರದ ತರಬೇತಿಯೇ ಬೇಕು ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಣ್ಣ ಮಕ್ಕಳಿಗೆ ಕಲಿಸುವ ವಿದ್ಯೆಯೇ ಬೇರೆ. ಅಲ್ಲಿ ನನ್ನ ಪಿಎಚ್.ಡಿ ತೋರಿಸಿ ಜಾಗ ಕೇಳಿದರೆ ಅದು ನನ್ನ ಅಹಂಕಾರ ಆಗುತ್ತದೆ. ಬ್ಯೂರೆಟ್ ಹಿಡಿಯುವ ಕೆಲಸಕ್ಕೆ ಹೀಗೆ ಹೇಳಲು ಬರುವುದಿಲ್ಲ, ಅಲ್ವಾ?

ಕೆಲಸ ಕೊಡುವವರೂ ಈ ಪತ್ರ ಓದುತ್ತಾರೆ ಅಂತ ನಂಬಿ ಅವರಿಗೆ ನೇರವಾಗಿ ಒಂದೆರಡು ಮಾತು ಹೇಳುತ್ತೇನೆ.

ಮಾಲೀಕರೇ, ಆಡಳಿತ ಮಂಡಳಿಯವರೇ, ನಿಮ್ಮ ಭಯ ಸುಳ್ಳಲ್ಲ. ಮೂರು ತಿಂಗಳು ಕಲಿಸಿದ ಮೇಲೆ ನೇಮಕಾತಿ ಆದೇಶ ಬಂತು ಅಂತ ಮರುದಿನವೇ ಬಿಟ್ಟು ಹೋದವರನ್ನು ನೀವು ಕಂಡಿದ್ದೀರಿ. ನಾನೂ ಕಂಡಿದ್ದೇನೆ. ನಡು ವರ್ಷದಲ್ಲಿ ಟೀಚರ್ ಬಿಟ್ಟರೆ ಮಕ್ಕಳ ಪಾಡು ಏನಾಗುತ್ತದೆ ಅಂತಲೂ ಗೊತ್ತು. ಆದರೆ ಯಾರು ಬಿಟ್ಟು ಹೋಗುತ್ತಾರೆ ಅಂತ ಒಮ್ಮೆ ಲೆಕ್ಕ ಹಾಕಿ. 24 ವರ್ಷದ ಬಿ.ಎಸ್ಸಿ ಹುಡುಗನ ಮುಂದೆ ಇನ್ನೂ ಹತ್ತು ಹನ್ನೆರಡು ವರ್ಷದ ಪರೀಕ್ಷೆಗಳಿವೆ. ಹೈದರಾಬಾದ್ ಇದೆ, ಪುಣೆ ಇದೆ. ರಾಜ್ಯ ಸರ್ಕಾರದ ಹುದ್ದೆಗಳಿಗೆ ವಯೋಮಿತಿ ಸಾಮಾನ್ಯವಾಗಿ 35, ಹಿಂದುಳಿದ ವರ್ಗದವರಿಗೆ 38, ಪರಿಶಿಷ್ಟರಿಗೆ 40. ಸಡಿಲಿಕೆ ಬಂದರೆ ಕೆಲವು ವರ್ಷ ಮುಂದೆ ಹೋಗುತ್ತದೆ, ಅಷ್ಟೇ. 39 ವರ್ಷದ, ಹಾಸಿಗೆ ಹಿಡಿದ ತಂದೆ ಇರುವ ಹೆಂಗಸು ನಿಮ್ಮನ್ನು ಬಿಟ್ಟು ಎಲ್ಲಿಗೆ ಓಡುತ್ತಾಳೆ? ನೀವು ಪದವಿಯನ್ನು ನೋಡಿ ಭಯಪಡುತ್ತೀರಿ. ಅವರು ಇಲ್ಲಿ ಯಾಕೆ ಇರಬೇಕಾಗಿದೆ ಅಂತ ಕೇಳಿದರೆ ಭಯ ಅರ್ಧ ಇಳಿಯುತ್ತದೆ. ಆದರೂ ಧೈರ್ಯ ಸಾಲದಿದ್ದರೆ ಮೂರು ತಿಂಗಳ ನೋಟಿಸ್ ಅಂತ ಕಾಗದದಲ್ಲಿ ಬರೆಸಿಕೊಳ್ಳಿ, ಸಹಿ ಹಾಕುತ್ತೇನೆ. ಶಾಲೆಯವರು ಶೈಕ್ಷಣಿಕ ವರ್ಷ ಮುಗಿಯುವ ತನಕ ಅಂತ ಬರೆಸಿಕೊಳ್ಳಲಿ.

ಒಂದಕ್ಕೆ ಮಾತ್ರ ಒಪ್ಪುವುದಿಲ್ಲ. "ಒರಿಜಿನಲ್ ಮಾರ್ಕ್ಸ್ ಕಾರ್ಡ್ ನಮ್ಮ ಹತ್ರ ಇಡ್ರಿ, ಆಗ ನಂಬಿಕಿ ಬರ್ತದ" ಅಂತ ಒಂದು ಕಡೆ ಕೇಳಿದರು. ಇದು ನಮ್ಮ ಭಾಗದ ಖಾಸಗಿ ಶಾಲೆ, ನರ್ಸಿಂಗ್ ಹೋಮ್‌ಗಳಲ್ಲಿ ಕೇಳಿಬರುವ ಮಾತೇ. ಒಳಗೆ ಇಟ್ಟುಕೊಂಡ ಮೇಲೆ ವಾಪಸ್ ಪಡೆಯಲು ತಿಂಗಳುಗಟ್ಟಲೆ ಅಲೆದವರು ನನ್ನ ಪರಿಚಯದಲ್ಲೇ ಇದ್ದಾರೆ. ನೋಡಿ, ಜೆರಾಕ್ಸ್ ತಗೊಳ್ಳಿ, ವಿಶ್ವವಿದ್ಯಾಲಯಕ್ಕೆ ಬರೆದು ಖಾತ್ರಿ ಮಾಡಿಕೊಳ್ಳಿ. ಒರಿಜಿನಲ್ ನನ್ನದು.

ಸಂಬಳ ಜಾಸ್ತಿ ಕೇಳುತ್ತಾರೆ ಅನ್ನುವ ಚಿಂತೆಗೆ ಉತ್ತರ ಸುಲಭ. ಎಷ್ಟು ಕೊಡುತ್ತೀರಿ ಅಂತ ಮೊದಲೇ ಬರೆಯಿರಿ. ಒಪ್ಪುವವರು ಬರುತ್ತಾರೆ. ನನ್ನ ಪರವಾಗಿ ನೀವೇ ಬೇಡ ಅಂತ ಯಾಕೆ ತೀರ್ಮಾನ ಮಾಡಬೇಕು?

ಹೆಂಗಸರಿಗೆ ಇದರ ಜೊತೆ ಇನ್ನೊಂದು ಸೇರುತ್ತದೆ. ಮದುವೆ ಆಗಿದೆಯಾ, ಆಗಿಲ್ಲ ಅಂದರೆ ಯಾವಾಗ, ಆದರೆ ಗಂಡನ ಊರು ಯಾವುದು. ಗಂಡಸರಿಗೆ ಈ ಪ್ರಶ್ನೆ ಕೇಳಿದ್ದನ್ನು ನಾನು ಕಂಡಿಲ್ಲ. (ಹೆಣ್ಣು ನೋಡಲು ಬಂದವರೂ ಹುಡುಗಿ ಭಾಳ ಓದ್ಯಾಳ ಅಂತ ಎದ್ದು ಹೋದದ್ದುಂಟು. ಅದರ ದೂರನ್ನು ಜಿಲ್ಲಾಧಿಕಾರಿಗಳಿಗೆ ಕೊಡಲು ಬರುವುದಿಲ್ಲ, ಹಾಗಾಗಿ ಬಿಟ್ಟಿದ್ದೇನೆ.)

ಮಾನ್ಯ ಜಿಲ್ಲಾಧಿಕಾರಿಗಳೇ, ಇದು ನನ್ನೊಬ್ಬಳ ಕತೆ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ನಮ್ಮ ಭಾಗದಲ್ಲಿ ಓದು ಬೆಳೆದ ವೇಗ ಒಂದು, ಕೆಲಸ ಬೆಳೆದ ವೇಗ ಇನ್ನೊಂದು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಬಂತು. 2009ರಲ್ಲಿ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಬಂತು. ಆಮೇಲೆ ಖಾಸಗಿ ವಿಶ್ವವಿದ್ಯಾಲಯ ಬಂತು, ರಾಯಚೂರು, ಬೀದರ್‌ಗಳಿಗೂ ಒಂದೊಂದು ಬಂತು. ಬಂದದ್ದು ಒಳ್ಳೆಯದೇ. ನನ್ನ ಅಮ್ಮ ನಾಲ್ಕನೇ ಇಯತ್ತೆ ಓದಿದವಳು, ನಾನು ಪಿಎಚ್.ಡಿ ಮಾಡಿದ್ದು ಈ ವಿಶ್ವವಿದ್ಯಾಲಯ ಊರ ಹತ್ತಿರ ಇದ್ದದ್ದರಿಂದ. ಆದರೆ ರಸಾಯನಶಾಸ್ತ್ರದಲ್ಲಿ ವರ್ಷ ವರ್ಷ ಹೊರಗೆ ಬರುವವರಿಗೆ ಇಲ್ಲಿ ಇರುವ ಲ್ಯಾಬ್‌ಗಳೆಷ್ಟು? ಬೇಳೆ ಮಿಲ್ಲುಗಳಿವೆ, ಸಿಮೆಂಟ್ ಇದೆ, ಆಸ್ಪತ್ರೆಗಳಿವೆ. ಹೊನ್ನಕಿರಣಗಿಯಲ್ಲಿ ಜವಳಿ ಪಾರ್ಕ್ ಬರುತ್ತದೆ ಅಂತ 2023ರಿಂದ ಕೇಳುತ್ತಿದ್ದೇವೆ. ಬಟ್ಟೆಗೆ ಬಣ್ಣ ಹಾಕುವಲ್ಲಿ ರಸಾಯನಶಾಸ್ತ್ರದವರು ಬೇಕಾಗುತ್ತಾರೆ, ಕಾಯುತ್ತಿದ್ದೇವೆ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದಾಗ ನಾವು ಪಟಾಕಿ ಹಾರಿಸಿದವರು. 2012ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿತು. 2013ರ ಆದೇಶದಲ್ಲಿ ನಮ್ಮ ಭಾಗದ ಹುದ್ದೆಗಳಲ್ಲಿ ಸ್ಥಳೀಯರಿಗೆ ಎ ಮತ್ತು ಬಿ ಗುಂಪಿನಲ್ಲಿ ಶೇ. 75, ಸಿ ಗುಂಪಿನಲ್ಲಿ ಶೇ. 80, ಡಿ ಗುಂಪಿನಲ್ಲಿ ಶೇ. 85 ಸಿಕ್ಕಿತು. ಆದರೆ ತುಂಬದೇ ಬಿಟ್ಟ ಹುದ್ದೆಯಲ್ಲಿ ಶೇ. 80 ಅಂದರೆ ಎಷ್ಟು? ಅರ್ಜಿ ಕರೆಯುವುದೇ ತಡ, ಕರೆದರೆ ಪರೀಕ್ಷೆ ತಡ. 545 ಪಿಎಸ್ಐ ಹುದ್ದೆಯ ಪರೀಕ್ಷೆ 2021ರ ಅಕ್ಟೋಬರ್‌ನಲ್ಲಿ ನಡೆಯಿತು. ಅಕ್ರಮ ಬಯಲಾದದ್ದು ನಮ್ಮೂರಿನ ಒಂದು ಕೇಂದ್ರದಿಂದಲೇ. ಮರುಪರೀಕ್ಷೆ ಆಗುವಾಗ 2024ರ ಜನವರಿ ಬಂದಿತ್ತು. 2024ರ ಅಕ್ಟೋಬರ್‌ನಲ್ಲಿ ಪರಿಶಿಷ್ಟ ಜಾತಿಗಳ ನಡುವೆ ಮೀಸಲಾತಿ ಹಂಚುವ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ಅಧಿಸೂಚನೆ ಬೇಡ ಅಂತ ಸರ್ಕಾರ ನಿಲ್ಲಿಸಿತು. ಒಳಮೀಸಲಾತಿ ಕೇಳುವುದು ನ್ಯಾಯವೇ. ನಡುವೆ ವಯಸ್ಸು ಮಾತ್ರ ನಿಲ್ಲಲಿಲ್ಲ. ಹೀಗೆ ಕಾಯುವಾಗ ಖಾಲಿ ಕೂರಬಾರದು ಅಂತ ಜನ ಇನ್ನೊಂದು ಪದವಿ ಮಾಡುತ್ತಾರೆ. ಎಂ.ಎ ಆದ ಮೇಲೆ ಬಿ.ಎಡ್, ಬಿ.ಎಡ್ ಆದ ಮೇಲೆ ಪಿಎಚ್.ಡಿ. ಸರ್ಕಾರ ತಡ ಮಾಡಿದ್ದಕ್ಕೆ ಸೇರಿದ ಪದವಿಯನ್ನು ನೋಡಿ ಖಾಸಗಿಯವರು ಬೇಡ ಅನ್ನುತ್ತಾರೆ. ಹಾಗಿದ್ದ ಮೇಲೆ ಈ ಗಂಟು ಬಿಡಿಸುವುದರಲ್ಲಿ ಸರ್ಕಾರದ ಪಾಲೂ ಇದೆ.

ಸರ್ಕಾರದ ನಿರುದ್ಯೋಗ ಭತ್ಯೆ ಯುವನಿಧಿಯನ್ನು ನಾನು ಕೇಳುತ್ತಿಲ್ಲ. ಅದು 2022-23ರಿಂದ ಈಚೆಗೆ ಪದವಿ, ಡಿಪ್ಲೊಮಾ ಮುಗಿಸಿದವರಿಗೆ ಇರುವುದು. ಸಿಗುವವರಿಗೆ ಸಿಗಲಿ.

ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಜಿಲ್ಲಾಡಳಿತ ಸಹಕಾರ ಕೊಡುವ ಪ್ರತಿ ಉದ್ಯೋಗ ಮೇಳದಲ್ಲಿ ಕಂಪನಿಗಳು ಹುದ್ದೆ, ಸಂಬಳ, ಪಾಳಿ ಮತ್ತು ಓದಿನ ಮೇಲಿನ ಮಿತಿ ಏನಾದರೂ ಇದ್ದರೆ ಅದನ್ನೂ ಮೊದಲೇ ಬರೆದು ಕೊಡಲಿ, ಬಾಗಿಲಲ್ಲೇ ಅಂಟಿಸಲಿ. ಮಿತಿ ಇದೆ ಅಂತ ಕಂಡರೆ ನಾನು ಆಟೋ ಚಾರ್ಜ್ ಉಳಿಸಿಕೊಂಡು ಮನೆಯಲ್ಲಿ ಇರುತ್ತೇನೆ. ಮಿತಿ ಬರೆಯದ ಕಂಪನಿ ಓದು ಜಾಸ್ತಿ ಅಂತ ಯಾರನ್ನೂ ಕಳಿಸಬಾರದು. ಸರ್ಕಾರಿ ಕಚೇರಿಗಳಿಗೆ ಜನ ಕೊಡುವ ಹೊರಗುತ್ತಿಗೆ ಏಜೆನ್ಸಿಗಳ ಟೆಂಡರ್ ಷರತ್ತಿನಲ್ಲಿ ಇದನ್ನು ಸೇರಿಸಿ. ಅರ್ಜಿ ತಗೊಂಡದ್ದಕ್ಕೆ ಒಂದು ರಸೀದಿ, ಬೇಡ ಅಂದರೆ ಒಂದು ಸಾಲಿನ ಕಾರಣ, ಇಷ್ಟು ಕೊಡಲು ಅವರಿಗೆ ಖರ್ಚಿಲ್ಲ. ಪದವಿ ಮುಚ್ಚಿಟ್ಟು ಅರ್ಜಿ ಹಾಕಿ ಅಂತ ಹೇಳಿಕೊಡುವುದು ನಿಲ್ಲಬೇಕು. ನೌಕರರ ಒರಿಜಿನಲ್ ದಾಖಲೆ ಇಟ್ಟುಕೊಳ್ಳುವ ಸಂಸ್ಥೆಗಳ ಮೇಲೆ ದೂರು ಕೊಡಲು ಒಂದು ಜಾಗ ಗೊತ್ತುಮಾಡಿ. ಕಾರ್ಮಿಕ ಇಲಾಖೆಯಲ್ಲೋ ತಮ್ಮ ಕಚೇರಿಯಲ್ಲೋ, ಎಲ್ಲಿ ಅಂತ ತಾವೇ ಹೇಳಿ.

ಇನ್ನೊಂದು ಕೆಲಸ ತಮ್ಮಿಂದ ಆಗಬಹುದು ಅನಿಸುತ್ತದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2024-25ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆ ಆಗಿತ್ತು. ರಸ್ತೆ, ಕಟ್ಟಡ ಬೇಕು, ಬೇಡ ಅನ್ನುವುದಿಲ್ಲ. ಜಿಲ್ಲೆಯ ಸರ್ಕಾರಿ ಹೈಸ್ಕೂಲು, ಕಾಲೇಜುಗಳ ಪ್ರಯೋಗಾಲಯಗಳಿಗೆ ಒಬ್ಬೊಬ್ಬ ಸಹಾಯಕರನ್ನು ಕೊಡಲು ಅದರಲ್ಲಿ ಒಂದು ಪಾಲು ಕೇಳಿ ಮಂಡಳಿಗೆ ಪ್ರಸ್ತಾವ ಕಳಿಸಿ. ಬೀಗ ಹಾಕಿದ ಪ್ರಯೋಗಾಲಯಗಳನ್ನು ನಾನು ಕಂಡಿದ್ದೇನೆ. ಆಮ್ಲದ ಬಾಟಲಿಯ ಚೀಟಿ ಉದುರಿ ಯಾವುದು ಯಾವುದೋ ಗೊತ್ತಾಗದೆ, ಮುಟ್ಟಲು ಹೆದರಿ ಹಾಗೇ ಬಿಟ್ಟಿರುತ್ತಾರೆ. ಮಕ್ಕಳು ಬ್ಯೂರೆಟ್ ಹಿಡಿದು ಮಾಡಬೇಕಾದ ಟೈಟ್ರೇಷನ್ ಅನ್ನು ಬೋರ್ಡಿನ ಮೇಲೆ ನೋಡಿ ಪಾಸಾಗುತ್ತಾರೆ. ಆ ಹುದ್ದೆಗೆ ಬಿ.ಎಸ್ಸಿ ಸಾಕು ಅಂತ ಇಡಿ, ಬಿ.ಎಸ್ಸಿಯವರ ಸಂಬಳವನ್ನೇ ಇಡಿ. ಅದಕ್ಕಿಂತ ಜಾಸ್ತಿ ಓದಿದವರೂ ಅರ್ಜಿ ಹಾಕಬಹುದು ಅಂತ ಒಂದು ಸಾಲು ಸೇರಿಸಿ. ಆಯ್ಕೆಯನ್ನು ಮೇಜಿನ ಮೇಲೆ ಬ್ಯೂರೆಟ್ ಇಟ್ಟು ಮಾಡಿ. ಯಾರ ಕೈ ಸರಿ ಇದೆಯೋ ಅವರಿಗೆ ಕೊಡಿ. ಬಿ.ಎಸ್ಸಿ ಹುಡುಗನ ಕೈ ನನ್ನದಕ್ಕಿಂತ ಚೆನ್ನಾಗಿದ್ದರೆ ಅವನೇ ಬರಲಿ.

ಈ ಪತ್ರಕ್ಕೆ ಹೆಸರು ಹಾಕಿಲ್ಲ. ನಾಳೆ ಮತ್ತೆ ಇವರದೇ ಬಾಗಿಲಿಗೆ ಹೋಗಬೇಕಾದವಳು ನಾನು. ಹೆಸರು, ವಿಳಾಸ, ಸಹಿ ಇರುವ ಪ್ರತಿಯನ್ನು ತಮ್ಮ ಕಚೇರಿಯ ಟಪಾಲು ವಿಭಾಗಕ್ಕೆ ಕೊಡುತ್ತಿದ್ದೇನೆ. ಎಲ್ಲೆಲ್ಲಿ ಹೀಗಾಯಿತು ಅಂತ ಕರೆದು ಕೇಳಿದರೆ ಬಂದು ಹೇಳುತ್ತೇನೆ. ಮಧ್ಯಾಹ್ನದ ಮೇಲೆ ಕರೆದರೆ ಅನುಕೂಲ, ಬೆಳಿಗ್ಗೆ ಅಪ್ಪನ ಕೆಲಸ ಇರುತ್ತದೆ. ಮುಂದಿನ ಉದ್ಯೋಗ ಮೇಳದ ತಾರೀಖು ಗೊತ್ತುಮಾಡುವ ಮೊದಲು ತಮ್ಮ ಉತ್ತರ ಬರಲಿ ಅಂತ ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಚಿತ್ತಾಪುರ ತಾಲ್ಲೂಕಿನ ಒಬ್ಬ ರಸಾಯನಶಾಸ್ತ್ರ ಪದವೀಧರೆ
ಕಲಬುರಗಿ